ಯು25ಬಿ, ಇಎಸ್44ಎಸಿ: ನಮ್ಮ ಮನೆಯ ಹಳಿ ಮೇಲೆ ನಿಂತಿದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೆಯ ಯು25ಬಿಗೆ. ಎರಡೂ ಜಿಇ (ಜನರಲ್ ಎಲೆಕ್ಟ್ರಿಕ್) ಕಂಪನಿಯ ರೈಲು ಎಂಜಿನ್‌ಗಳ ಎಚ್‌ಒ ಅಳತೆಯ ಪುಟ್ಟ ಮಾದರಿಗಳು, ಅಂದರೆ ಅಸಲಿಯ 87ರಲ್ಲಿ ಒಂದು ಪಾಲು. ನಾವಿರುವುದು ಪೆನ್ಸಿಲ್ವೇನಿಯಾದ ಈರಿಯಲ್ಲಿ. ಜಿಇ ನೂರು ವರ್ಷಕ್ಕೂ ಜಾಸ್ತಿ ರೈಲು ಎಂಜಿನ್ ಕಟ್ಟಿದ ಊರು. 2019ರಲ್ಲಿ ಆ ಕಾರ್ಖಾನೆ ವ್ಯಾಬ್‌ಟೆಕ್ ಎಂಬ ರೈಲು ಉಪಕರಣ ಕಂಪನಿಯ ಕೈಗೆ ಹೋಯಿತು.

ಇಲ್ಲಿನ ಗೂಡ್ಸ್ ಗಾಡಿಗಳ ಮುಂದೆ ಇಎಸ್44ಎಸಿ ಕಾಣುತ್ತಲೇ ಇರುತ್ತದೆ. 4400 ಅಶ್ವಶಕ್ತಿ, ಹಿಂದಿನ ಎಂಜಿನ್ 16 ಸಿಲಿಂಡರಿನಲ್ಲಿ ಮಾಡುತ್ತಿದ್ದ ಕೆಲಸ ಇದಕ್ಕೆ 12ರಲ್ಲೇ ಮುಗಿಯುತ್ತದೆ. ಮಗನಿಗೆ ಅದೇ ಬೇಕಿತ್ತು, ನನಗೂ. ಸದ್ದು ಬರುವ ಮಾದರಿಗೆ 240 ಡಾಲರ್ ಕೊಟ್ಟೆ.

ತೊಂದರೆ ಶುರುವಾಗಿದ್ದು ತಿರುವಿನಲ್ಲಿ. ನಮ್ಮ ಮಂಚ ಮತ್ತು ಗೋಡೆಯ ನಡುವೆ ಹಿಡಿಸುವುದು ಮೂರೂವರೆ ಅಡಿ ಅಗಲದ ಪ್ಲೈವುಡ್ ಹಲಗೆ, ಹಾಗಾಗಿ 18 ಇಂಚು ತ್ರಿಜ್ಯದ ತಿರುವು ಹಾಕಿದ್ದೆ. ಪೆಟ್ಟಿಗೆ ಮೇಲೆ 18 ಇಂಚಿಗೂ ಆಗುತ್ತದೆ ಎಂದೇ ಬರೆದಿತ್ತು. ಒಂಟಿ ಎಂಜಿನ್ ಓಡಿತು ಕೂಡ. ಹಿಂದೆ ವ್ಯಾಗನ್ ಕಟ್ಟಿದ ಕೂಡಲೇ ಎಲ್ಲ ಕೆಟ್ಟಿತು. ಎಂಜಿನ್ 25 ಸೆಂಟಿಮೀಟರಿಗೂ ಉದ್ದ, ತಿರುವಿನಲ್ಲಿ ಅದರ ಬಾಲ ಹಳಿಯಿಂದ ಆಚೆ ಚಾಚುತ್ತದೆ, ಕಪ್ಲಿಂಗ್ ಅಷ್ಟು ತಿರುಗುವುದಿಲ್ಲ, ಮೊದಲ ವ್ಯಾಗನ್ ಪಕ್ಕಕ್ಕೆ ಎಳೆದುಕೊಂಡು ಬೀಳುತ್ತದೆ.

ವ್ಯಾಗನ್ನಿಗೆ ತೂಕ ಹಾಕಿದೆ. ಉದ್ದದ ಕಪ್ಲಿಂಗ್ ಹಾಕಿದೆ. ಆಗ ವ್ಯಾಗನ್ ನಿಂತಿತು, ಆದರೆ ಎಂಜಿನ್ನೇ ಹಳಿ ಬಿಡತೊಡಗಿತು. ಮುಂದೆ ಮೂರು ಜೊತೆ, ಹಿಂದೆ ಮೂರು ಜೊತೆ ಗಾಲಿ, ಎರಡು ಹಳಿ ಸೇರುವಲ್ಲಿ ಒಂಚೂರು ಸೊಟ್ಟ ಇದ್ದರೂ ಸಾಕು. ನಾಲ್ಕು ಭಾನುವಾರ ಹೋದವು. 22 ಇಂಚಿನ ತಿರುವು ಹಾಕಿದ್ದರೆ ಸರಿಹೋಗುತ್ತಿತ್ತು, ಅದಕ್ಕೆ ಬರೀ ಹಳಿಗೇ 44 ಇಂಚು ಅಗಲ ಬೇಕು. ನನ್ನ ಹಲಗೆ 42. ಓಡಿಸಿದ ಮಾಲು ವಾಪಸ್ ಇಲ್ಲ ಎಂದರು ಅಂಗಡಿಯವರು.

ಗೆಳೆಯನ ಎಸ್‌ಡಿ70ಎಸಿಇ ಮಾದರಿ ತಂದು ನೋಡಿದೆವು, ಅದು ಜಿಇಯ ಪ್ರತಿಸ್ಪರ್ಧಿ ಇಎಂಡಿ ಕಂಪನಿಯ ಎಂಜಿನ್. ಅದಕ್ಕೂ ಆರು ಜೊತೆ ಗಾಲಿ, ಅದೇ ಕತೆ. ಸದ್ದು ಮಾತ್ರ ಬಹಳ ಚೆನ್ನ. ಅಪ್ಪ ಇಎಂಡಿ ವಿನ್ಯಾಸದ ಎಂಜಿನ್‌ಗಳಿರುವ ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿದ್ದವರು, ವಿಡಿಯೊ ಕಾಲ್‌ನಲ್ಲಿ ಕೇಳಿದ್ದೇ "ಇದು ನಮ್ಮ ಇಎಂಡಿ ಅಲ್ವಾ?" ಎಂದರು.

ಯು25ಬಿ ಸಿಕ್ಕಿದ್ದು ಒಂದು ರೈಲು ಮೇಳದಲ್ಲಿ, ಸೆಕೆಂಡ್ ಹ್ಯಾಂಡ್, 70 ಡಾಲರ್. ಸದ್ದಿಲ್ಲ, ದೀಪ ಮಂಕು. ಆದರೆ ನಾಲ್ಕೇ ಜೊತೆ ಗಾಲಿ, 21 ಸೆಂಟಿಮೀಟರ್ ಉದ್ದ. ಮೊದಲ ಸಂಜೆಯೇ ಒಂಬತ್ತು ವ್ಯಾಗನ್ ಎಳೆದು ಅರ್ಧ ಗಂಟೆ ಸುತ್ತಿತು, ಒಮ್ಮೆಯೂ ಬೀಳಲಿಲ್ಲ. ಮಗ ಕುಣಿದಾಡಿದ.

ಇದರ ಹಿನ್ನೆಲೆಯೂ ನನಗೆ ಇಷ್ಟ. ಜಿಇ ಮೊದಲು ಆಲ್ಕೊ ಎಂಬ ಅಮೆರಿಕನ್ ಕಂಪನಿ ಜೊತೆ ಸೇರಿ ಡೀಸೆಲ್ ಎಂಜಿನ್ ಮಾರುತ್ತಿತ್ತು, ಭಾರತೀಯ ರೈಲ್ವೆಯ ನಮ್ಮ ಡಬ್ಲ್ಯೂಡಿಎಂ-2 ಡೀಸೆಲ್ ಎಂಜಿನ್ ವಿನ್ಯಾಸ ಮಾಡಿದ ಅದೇ ಆಲ್ಕೊ. 1953ರಲ್ಲಿ ಬೇರೆಯಾದ ಮೇಲೆ, 1959ರಲ್ಲಿ ಜಿಇ 2500 ಅಶ್ವಶಕ್ತಿಯ ಈ ಯು25ಬಿ ತಂದಿತು. ಹತ್ತು ವರ್ಷದಲ್ಲಿ ಆಲ್ಕೊ ಎಂಜಿನ್ ಕಟ್ಟುವುದನ್ನೇ ನಿಲ್ಲಿಸಿತು.

ದೊಡ್ಡ ನೆಲಮಾಳಿಗೆ ಇದ್ದವರು ಇಎಸ್44ಎಸಿ ಧಾರಾಳವಾಗಿ ತಗೊಳ್ಳಿ, ಮಾದರಿಯ ಕೆಲಸದಲ್ಲಿ ಕೊರತೆ ಇಲ್ಲ. ನನ್ನಂತೆ ರಾತ್ರಿ ಹಲಗೆ ಎತ್ತಿ ಮಂಚದಡಿ ಸರಿಸಬೇಕಾದವರು ನಾಲ್ಕು ಜೊತೆ ಗಾಲಿಯದ್ದನ್ನೇ ಹುಡುಕಿ. ನಮ್ಮ ಇಎಸ್44ಎಸಿ ಸದ್ಯಕ್ಕೆ ಕಪಾಟಿನ ಮೇಲಿದೆ, ಮನೆ ಬದಲಿಸಿದಾಗ 22 ಇಂಚಿನ ಹಳಿ ತರುತ್ತೇನೆ.