ಫೋರ್ ಕೌಂಟೀಸ್ ರಿಂಗ್, ಬಾಡಿಗೆ ನ್ಯಾರೋಬೋಟ್‌ನಲ್ಲಿ: ದಾರಿಗೆ ನಾಲ್ಕು ಸ್ಟಾರ್, ಒಂದು ವಾರದ ಪ್ಯಾಕೇಜಿಗೆ ಎರಡೇ

ಇಂಗ್ಲೆಂಡಿನ ಫೋರ್ ಕೌಂಟೀಸ್ ರಿಂಗ್ ಎಂಬ ಕಾಲುವೆ ಸುತ್ತನ್ನು ನ್ಯಾರೋಬೋಟ್ (ಉದ್ದನೆಯ, ಕಿರಿದಾದ, ಒಳಗೇ ಉಂಡು ಮಲಗುವ ದೋಣಿ) ಬಾಡಿಗೆಗೆ ಕೊಡುವವರು ಹೆಚ್ಚಾಗಿ ಒಂದು ವಾರದ ಪ್ರವಾಸವೆಂದು ಮಾರುತ್ತಾರೆ. ಒಟ್ಟು 110 ಮೈಲಿ, 94 ಲಾಕ್. ಲಾಕ್ ಎಂದರೆ ಎರಡೂ ತುದಿಗೆ ಗೇಟಿರುವ, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಹತ್ತಿಸುವ, ಇಳಿಸುವ ತೊಟ್ಟಿ. ವಾರದಲ್ಲಿ ಮುಗಿಯುವುದಿಲ್ಲ ಎಂದೇನಿಲ್ಲ, ಮುಗಿಯುತ್ತದೆ. ಆದರೆ ಆಗ ಅದು ರಜೆಯಲ್ಲ, ದುಡ್ಡು ಕೊಟ್ಟು ಮಾಡುವ ಪಾಳಿ ಕೆಲಸ. ಹಲವು ಬೇಸಿಗೆ, ಬೇರೆ ಬೇರೆ ಉದ್ದದ ದೋಣಿಗಳಲ್ಲಿ, ಹೊಸಬರು ಹಳಬರು ಎರಡೂ ಬಗೆಯ ಗುಂಪುಗಳೊಂದಿಗೆ ಬಳಸಿದ ಮೇಲಿನ ಅಭಿಪ್ರಾಯ ಇದು.

ಮೊದಲು ಲೆಕ್ಕ. ಕಾಲುವೆಯವರು ಮೈಲಿಗೆ ಲಾಕ್ ಕೂಡಿಸಿ ಸಮಯ ಅಳೆಯುತ್ತಾರೆ. 110ಕ್ಕೆ 94 ಸೇರಿಸಿದರೆ 204. ಪಳಗಿದ ಗುಂಪು ಗಂಟೆಗೆ ಮೂರೂವರೆ ಸಾಗಿಸುತ್ತದೆ, ಹೊಸಬರು ಮೂರು ಸಾಗಿಸಿದರೆ ಹೆಚ್ಚು. ಅಂದರೆ 58ರಿಂದ 68 ಗಂಟೆ, ಬರೀ ಚಾಲನೆ. ಶನಿವಾರ ಮಧ್ಯಾಹ್ನ ಮೂರಕ್ಕೆ ದೋಣಿ ಕೈಗೆ ಬಂದು ಮುಂದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಒಪ್ಪಿಸಬೇಕಾದರೆ ನಡುವೆ ಸಿಗುವುದು ಆರು ಪೂರ್ತಿ ದಿನ, ಮೇಲೊಂದು ಸಂಜೆ. ದಿನಕ್ಕೆ ಒಂಬತ್ತರಿಂದ ಹನ್ನೊಂದು ಗಂಟೆ ಬಿತ್ತು. ನೀರು ತುಂಬಿಸುವುದು, ಸುರಂಗದ ಮುಂದೆ ಕಾಯುವುದು, ಲಾಕ್‌ನಲ್ಲಿ ಸರದಿ, ಯಾವುದೂ ಈ ಲೆಕ್ಕದಲ್ಲಿಲ್ಲ. ವೇಗದ ಮಿತಿ ಗಂಟೆಗೆ 4 ಮೈಲಿ, ನಿಜವಾಗಿ ಸಿಗುವುದು ಮೂರು. ಕಟ್ಟಿ ನಿಲ್ಲಿಸಿದ ದೋಣಿಗಳ ಸಾಲು ಬಂದರೆ ಅದೂ ಇಲ್ಲ. ಎಂಜಿನ್ ಜೋರು ಮಾಡಿದರೆ ದಡಕ್ಕೆ ಅಲೆ ಹೊಡೆದು ಅವರ ಹಗ್ಗ ಕೀಳುತ್ತದೆ, ಬೈಗುಳವೂ ಬರುತ್ತದೆ. ಹತ್ತು ದಿನ ಸಿಕ್ಕರೆ ಆರಾಮ, ಎರಡು ವಾರ ಸಿಕ್ಕರೆ ಚೆಂದ.

ಎಲ್ಲಿಂದ ಹೊರಡುವುದು, ಯಾವ ದಿಕ್ಕಿಗೆ? ಹೊಸಬರಿದ್ದರೆ ಗ್ರೇಟ್ ಹೇವುಡ್ ಸುತ್ತಮುತ್ತ ದೋಣಿ ಬಾಡಿಗೆಗೆ ಸಿಗುವ ಬೇಸ್ ಹಿಡಿದು ಪ್ರದಕ್ಷಿಣೆಯಾಗಿ ಹೊರಡಿ. ಮೊದಲು ಸಿಗುವುದು ಸ್ಟಾಫರ್ಡ್‌ಶೈರ್ ಅಂಡ್ ವುಸ್ಟರ್‌ಶೈರ್ ಕಾಲುವೆ. ಶ್ರಾಪ್‌ಶೈರ್ ಯೂನಿಯನ್ ಕಾಲುವೆ ಕೂಡುವ ಆಥರ್ಲಿ ಜಂಕ್ಷನ್‌ವರೆಗೆ 12 ಲಾಕ್, ಅಲ್ಲೊಂದು ಇಲ್ಲೊಂದು. ಕೈ ಪಳಗಿಸಲು ಇದಕ್ಕಿಂತ ಒಳ್ಳೆಯ ಜಾಗ ಈ ಸುತ್ತಿನಲ್ಲಿಲ್ಲ. ಮಿಡಲ್‌ವಿಚ್‌ನಿಂದ ಹೊರಟವರಿಗೆ ಮಾರನೆಯ ದಿನವೇ ಗುಡ್ಡ ಎದುರಾಗುತ್ತದೆ. ಪ್ರದಕ್ಷಿಣೆಗೆ ಇನ್ನೊಂದು ಕಾರಣವೂ ಇದೆ. ಶ್ರಾಪ್‌ಶೈರ್ ಯೂನಿಯನ್ ಕಾಲುವೆಯಲ್ಲಿ ಲಾಕ್‌ನ ಪಕ್ಕದಿಂದ ಹೆಚ್ಚುವರಿ ನೀರು ಹರಿದುಹೋಗುವ ಬೈವಾಶ್‌ಗಳು ಬಹಳ ರಭಸ. ಅವು ಕೆಳಗಿನ ಗೇಟಿನ ಮುಂದೆಯೇ ಬಂದು ಬೀಳುತ್ತವೆ. ಹತ್ತುವ ದೋಣಿ ಏಳಡಿ ಅಗಲದ ಬಾಯಿಗೆ ಮೂತಿ ಇಡುವ ಹೊತ್ತಿಗೆ ಸರಿಯಾಗಿ ಪಕ್ಕಕ್ಕೆ ತಳ್ಳುತ್ತವೆ. ಆಡ್ಲಂ, ಆಡರ್ಲಿ ಲಾಕ್‌ಗಳಲ್ಲಿ ಇಟ್ಟಿಗೆ ಗೋಡೆಗೆ ಗುದ್ದುವವರೆಲ್ಲ ಹೀಗೆ ಹತ್ತುವವರೇ. ಪ್ರದಕ್ಷಿಣೆಯಲ್ಲಿ ನೀವು ಇಳಿಯುತ್ತೀರಿ, ಹೊರಗೆ ಬರುವಾಗ ಸ್ವಲ್ಪ ಜರುಗುತ್ತದೆ, ಅಷ್ಟೇ.

ಗ್ರೇಟ್ ಹೇವುಡ್ ದಾಟಿದ ಕೂಡಲೇ ಟಿಕ್ಸಲ್ ವೈಡ್. ಕಾಲುವೆ ಕೆರೆಯಷ್ಟು ಅಗಲವಾಗುತ್ತದೆ, ಹಿಂದೆ ಕ್ಯಾನಕ್ ಚೇಸ್‌ನ ಗುಡ್ಡ. ಮೊದಲ ರಾತ್ರಿಗೆ ಇಲ್ಲಿ ಜಾಗ ಸಿಕ್ಕರೆ ಬಿಡಬೇಡಿ. ಈ ಕಾಲುವೆ 1772ರದು, ಜೇಮ್ಸ್ ಬ್ರಿಂಡ್ಲಿಯ ಕೆಲಸ. ನೆಲದ ಮಟ್ಟ ಹಿಡಿದು ಸುತ್ತಿ ಸುತ್ತಿ ಹೋಗುತ್ತದೆ, ಹಾಗಾಗಿ ಪ್ರತಿ ತಿರುವಿನಲ್ಲೂ ಸೇತುವೆಗೆ ಮುಂಚೆ ಹಾರ್ನ್ ಹಾಕಬೇಕು. ಆಥರ್ಲಿಗೆ ಸ್ವಲ್ಪ ಮೊದಲು ಬಂಡೆ ಕಡಿದು ಮಾಡಿದ ಇಕ್ಕಟ್ಟಿನ ಭಾಗದಲ್ಲಿ ಒಂದೇ ದೋಣಿಗೆ ಜಾಗ. ಒಬ್ಬರು ಮುಂದೆ ನಡೆದು ಎದುರಿಗೆ ಯಾರೂ ಇಲ್ಲವೆಂದು ನೋಡಿಕೊಂಡು ನುಗ್ಗಿ.

ಶ್ರಾಪ್‌ಶೈರ್ ಯೂನಿಯನ್ ಪೂರ್ತಿ ಬೇರೆ ಸ್ವಭಾವ. 1835ರಲ್ಲಿ ತೆರೆದ ಈ ದಾರಿಯನ್ನು ಥಾಮಸ್ ಟೆಲ್ಫರ್ಡ್ ರೈಲು ಹಳಿಯಂತೆ ನೇರ ಹಾಕಿದ. ಗುಡ್ಡ ಬಂದರೆ ಕಡಿದ, ತಗ್ಗು ಬಂದರೆ ಏರಿ ಹಾಕಿದ. ಶೆಲ್‌ಮೋರ್ ಏರಿಯ ಮಣ್ಣು ಮತ್ತೆ ಮತ್ತೆ ಜಾರಿ ವರ್ಷಗಟ್ಟಲೆ ಕಾಡಿತು. ಕಾಲುವೆ ತೆರೆಯುವ ಮುಂಚೆಯೇ, 1834ರಲ್ಲಿ, ಟೆಲ್ಫರ್ಡ್ ತೀರಿಕೊಂಡಿದ್ದ. ವುಡ್‌ಸೀವ್ಸ್ ಕಡಿತದಲ್ಲಿ ಬಂಡೆ ಜಾರುವ ಭಯ ಇಂದಿಗೂ ಇದೆ. ಅಲ್ಲಿ ನಿಧಾನವಾಗಿ ಹೋಗಿ, ನಿಲ್ಲಿಸಬೇಡಿ.

ಇಲ್ಲಿನ ದೊಡ್ಡ ತಲೆನೋವು ನೀರಿನಡಿಯ ಅಂಚು. ದಡಕ್ಕೆ ಅಂಟಿಕೊಂಡು ಒಂದಡಿ ಆಳದಲ್ಲಿ ಕಲ್ಲಿನ ಜಗುಲಿ ಇರುವುದರಿಂದ ದೋಣಿಯ ಹೊಟ್ಟೆ ದಡ ಮುಟ್ಟುವುದೇ ಇಲ್ಲ. ರಾತ್ರಿಯಿಡೀ ಬೇರೆ ದೋಣಿ ದಾಟಿದಾಗಲೆಲ್ಲ ಕಲ್ಲಿಗೆ ತಾಗಿ ಢಣ್ ಎನ್ನುತ್ತದೆ. ದೋಣಿಯ ಬದಿಗೆ ತೂಗುಹಾಕುವ ಹಗುರ ಫೆಂಡರ್ (ಗುದ್ದು ತಡೆಯುವ ಮೆತ್ತೆ) ಪ್ರಯೋಜನವಿಲ್ಲ, ಅದು ಜಗುಲಿಯ ಮೇಲೆ ತೇಲುತ್ತದೆ. ಸುಲಭದ ದಾರಿ: ನಕ್ಷೆಯಲ್ಲಿ ತಂಗುದಾಣ ಎಂದು ಗುರುತಿಸಿದ, ಉಂಗುರ ಹಾಕಿದ ಜಾಗಗಳಲ್ಲಿ ಕಟ್ಟುವುದು. ಬೇಸಿಗೆಯಲ್ಲಿ ಅವು ಮಧ್ಯಾಹ್ನ ಮೂರರ ಹೊತ್ತಿಗೇ ತುಂಬುತ್ತವೆ.

ಇಳಿಯುವ ಲಾಕ್‌ನಲ್ಲಿ ದೋಣಿ ಮುಳುಗುವುದು ಹೆಚ್ಚಾಗಿ ಒಂದೇ ಕಾರಣಕ್ಕೆ, ಅದನ್ನು ಹಸ್ತಾಂತರದ ಹೊತ್ತಿನಲ್ಲಿ ಎಷ್ಟೋ ಕಡೆ ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. ಮೇಲಿನ ಗೇಟಿನ ಬುಡದಲ್ಲಿ ಸಿಲ್ ಎಂಬ ಕಲ್ಲಿನ ಮೆಟ್ಟಿಲು ಚಾಚಿಕೊಂಡಿರುತ್ತದೆ. ಲಾಕ್ ತುಂಬಿರುವಾಗ ಅದು ಕಾಣುವುದಿಲ್ಲ. ಅಂಚಿನ ಕಲ್ಲಿನ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ, ಚುಕ್ಕಾಣಿ ಸಮೇತ, ಆ ಗೆರೆಗಿಂತ ಮುಂದಿರಬೇಕು. ನೀರು ಇಳಿಯುವಾಗ ದೋಣಿ ತಾನಾಗಿಯೇ ಹಿಂದೆ ಸರಿಯುವುದುಂಟು, ಹಾಗಾಗಿ ಚುಕ್ಕಾಣಿ ಹಿಡಿದವರು ಫೋನ್ ನೋಡುತ್ತ ನಿಲ್ಲುವ ಹಾಗಿಲ್ಲ. ಹಿಂಭಾಗ ಸಿಲ್ ಮೇಲೆ ಕೂತು ಮೂತಿ ಕೆಳಗಿಳಿಯತೊಡಗಿದರೆ ಕೂಗಬೇಕಾದದ್ದು ಒಂದೇ ಮಾತು: ಕೆಳಗಿನ ಪ್ಯಾಡಲ್ (ಲಾಕ್‌ಗೆ ನೀರು ಬಿಡುವ, ತಡೆಯುವ ಹಲಗೆ) ಮುಚ್ಚಿ. ಅವು ಪೂರ್ತಿ ಇಳಿದ ಮೇಲೆ ಮೇಲಿನ ಪ್ಯಾಡಲ್ ನಿಧಾನಕ್ಕೆ ಎತ್ತಿ, ನೀರು ತುಂಬಿ ದೋಣಿ ಮತ್ತೆ ತೇಲುತ್ತದೆ. ಗಾಬರಿಯಲ್ಲಿ ಮೇಲಿನದನ್ನು ಮೊದಲು ಎತ್ತಿದರೆ ನೀರು ಎರಡೂ ಕಡೆ ಓಡುತ್ತದೆ, ದೋಣಿ ನೆಟ್ಟಗಾಗುವುದಿಲ್ಲ. ಹತ್ತುವಾಗ ಅಪಾಯ ತಿರುಗುಮುರುಗು: ಮೂತಿ ಗೇಟಿನ ಮರದ ದಿಮ್ಮಿಯ ಕೆಳಗೆ ಸಿಕ್ಕಿಕೊಳ್ಳುತ್ತದೆ. ಆಗ ಮೇಲಿನ ಪ್ಯಾಡಲ್ ಇಳಿಸಿ, ಕೆಳಗಿನದರಿಂದ ನೀರು ಬಿಡಬೇಕು.

ಪ್ಯಾಡಲ್ ತಿರುಗಿಸುವ ಎಲ್ ಆಕಾರದ ಹಿಡಿಗೆ ವಿಂಡ್‌ಲಾಸ್ ಎನ್ನುತ್ತಾರೆ. ಅದನ್ನು ಗೂಟಕ್ಕೆ ಸಿಕ್ಕಿಸಿ ಬಿಟ್ಟು ನಡೆಯಬಾರದು. ತಡೆಹಲ್ಲು ಜಾರಿದರೆ ಅದು ಗಿರ್ರನೆ ತಿರುಗಿ ಕೈ ಮುರಿಯುತ್ತದೆ, ಇಲ್ಲವೇ ಹಾರಿ ನೀರಿಗೆ ಬೀಳುತ್ತದೆ. ತಲೆಗೊಂದು ವಿಂಡ್‌ಲಾಸ್, ಮೇಲೊಂದು ಹೆಚ್ಚುವರಿ, ಜೊತೆಗೆ ಹಗ್ಗ ಕಟ್ಟಿದ ಮ್ಯಾಗ್ನೆಟ್ ಕೇಳಿ ಪಡೆಯಿರಿ. ಹೊರಡುವಾಗ ಎಲ್ಲ ಪ್ಯಾಡಲ್ ಇಳಿದಿವೆಯೇ ನೋಡುವುದು ಬರೀ ಶಿಷ್ಟಾಚಾರವಲ್ಲ. 2018ರ ಮಾರ್ಚ್‌ನಲ್ಲಿ, ಶ್ರಾಪ್‌ಶೈರ್ ಯೂನಿಯನ್ ಕಾಲುವೆಯಿಂದ ಮಿಡಲ್‌ವಿಚ್‌ಗೆ ಹೋಗುವ ಮಿಡಲ್‌ವಿಚ್ ಶಾಖೆಯ ಏರಿ ಒಡೆದದ್ದಕ್ಕೆ ಲಾಕ್‌ನ ಪ್ಯಾಡಲ್ ತೆರೆದೇ ಉಳಿದದ್ದು ಕಾರಣವೆಂದು ಈ ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಹೇಳಿತ್ತು. ಡಿಸೆಂಬರ್‌ವರೆಗೆ ಈ ಸುತ್ತು ಸುತ್ತಾಗಿರಲಿಲ್ಲ.

ನಾಂಟ್‌ವಿಚ್ ಹೆಚ್ಚುಕಡಿಮೆ ಸರಿ ಅರ್ಧ. ಒಂದು ವಾರದವರು ಇದನ್ನು ನೆನಪಿಡಿ: ಮಂಗಳವಾರ ರಾತ್ರಿಗೆ ನಾಂಟ್‌ವಿಚ್ ಮುಟ್ಟದಿದ್ದರೆ ಮುಂದೆ ಹೋಗುವುದಕ್ಕಿಂತ ಹಿಂದಿರುಗುವುದೇ ಹತ್ತಿರ. ದೋಣಿ ತಿರುಗಿಸಲು ಎಲ್ಲೆಂದರಲ್ಲಿ ಆಗುವುದಿಲ್ಲ, ಅದಕ್ಕೆಂದೇ ಕಾಲುವೆ ಅಗಲ ಮಾಡಿದ ಜಾಗ ಬೇಕು. ನಕ್ಷೆಯಲ್ಲಿ ಅದರ ಗುರುತೂ ಹಲವು ಕಡೆ ಉದ್ದವೂ ಇರುತ್ತದೆ. 68 ಅಡಿ ದೋಣಿಯನ್ನು 50 ಅಡಿಯ ಜಾಗದಲ್ಲಿ ತಿರುಗಿಸಹೋಗಿ ಅಡ್ಡ ಸಿಕ್ಕಿಕೊಂಡರೆ ಕಾಲುವೆಯೇ ಬಂದ್.

ಮಿಡಲ್‌ವಿಚ್‌ನಲ್ಲಿ 154 ಅಡಿ ಉದ್ದದ ವಾರ್ಡ್ಲ್ ಕಾಲುವೆ ದಾಟಿ ಟ್ರೆಂಟ್ ಅಂಡ್ ಮರ್ಸಿಗೆ ಹೊರಳಿದರೆ ಗುಡ್ಡ ಶುರು. ಹಾರ್ಡಿಂಗ್ಸ್ ವುಡ್‌ವರೆಗೆ 31 ಲಾಕ್, ಅದರಲ್ಲಿ ವೀಲಾಕ್‌ನಿಂದ ಮೇಲೆ 26 ಒಂದರ ಹಿಂದೊಂದು. ಹಾರ್ಟ್‌ಬ್ರೇಕ್ ಹಿಲ್ ಎಂದು ಹೆಸರಿಟ್ಟವರು ಉತ್ಪ್ರೇಕ್ಷೆ ಮಾಡಿಲ್ಲ. ನಾಲ್ಕು ಜನ ಗಟ್ಟಿಮುಟ್ಟಾಗಿದ್ದರೆ ಈ 26ಕ್ಕೆ ಐದಾರು ಗಂಟೆ, ಇಬ್ಬರೇ ಇದ್ದರೆ ಇಡೀ ದಿನ. ಒಬ್ಬರು ದೋಣಿಯಲ್ಲಿ, ಒಬ್ಬರು ಈ ಲಾಕ್‌ನಲ್ಲಿ, ಮತ್ತೊಬ್ಬರು ಮುಂದೆ ಹೋಗಿ ಮುಂದಿನ ಲಾಕ್ ಖಾಲಿ ಮಾಡುವುದು ಸರಿಯಾದ ಹಂಚಿಕೆ. ಎದುರಿನಿಂದ ದೋಣಿ ಬರುತ್ತಿದ್ದು ಲಾಕ್ ತುಂಬಿದ್ದರೆ ಅವರಿಗೇ ಬಿಡಿ; ಖಾಲಿ ಮಾಡಿ ನೀರು ಪೋಲು ಮಾಡಬೇಡಿ. ಇಲ್ಲಿನ ಬಹಳಷ್ಟು ಲಾಕ್‌ಗಳು ಜೋಡಿ, ಪಕ್ಕಪಕ್ಕದಲ್ಲಿ ಎರಡು. ನಿಮಗೆ ಅನುಕೂಲವಾಗಿ ಯಾವುದು ಖಾಲಿ ಇದೆ ಎಂದು ಮುಂದೆ ಹೋದವರು ಕೈಸನ್ನೆ ಮಾಡಿದರೆ ಪ್ರತಿ ಲಾಕ್‌ಗೆ ಐದು ನಿಮಿಷ ಉಳಿಯುತ್ತದೆ. ಕೆಲವು ಜೋಡಿಗಳಲ್ಲಿ ಒಂದು ಕೆಲಸ ಮಾಡುವುದಿಲ್ಲ, ದೂರದಿಂದಲೇ ಮೂತಿ ತಿರುಗಿಸಬೇಡಿ.

ತುದಿಯಲ್ಲಿ ಹೇರ್‌ಕ್ಯಾಸಲ್ ಸುರಂಗ. 2,926 ಗಜ, ಸುಮಾರು 40 ನಿಮಿಷ, ಏಕಮುಖ ಸಂಚಾರ. ಪಕ್ಕದಲ್ಲೇ ಬ್ರಿಂಡ್ಲಿಯ 1777ರ ಹಳೆಯ ಸುರಂಗದ ಮುಚ್ಚಿದ ಬಾಯಿ ಕಾಣುತ್ತದೆ. ಅದನ್ನು ಕೊರೆಯಲು 11 ವರ್ಷ ಹಿಡಿಯಿತು. ಈಗ ಬಳಸುವುದು 1827ರಲ್ಲಿ ಟೆಲ್ಫರ್ಡ್ ಮುಗಿಸಿದ್ದು, ಅದಕ್ಕೆ ಹಿಡಿದದ್ದು ಮೂರೇ ವರ್ಷ. ನೀರು ತುಕ್ಕಿನ ಕೇಸರಿ ಬಣ್ಣ, ಬಂಡೆಯ ಕಬ್ಬಿಣದ ಅದಿರಿನಿಂದ. ಕಾವಲುಗಾರರು ಹೆಡ್‌ಲೈಟ್, ಹಾರ್ನ್ ಪರೀಕ್ಷಿಸಿ ಸೂಚನೆ ಕೊಟ್ಟ ಮೇಲೆಯೇ ಬಿಡುತ್ತಾರೆ. ನಡುವೆ ಚಾವಣಿ ತಗ್ಗಿದೆ, ಎತ್ತರದವರು ಬಗ್ಗಲೇಬೇಕು. ಒಳಗಿನ ದೀಪಗಳನ್ನೆಲ್ಲ ಹಚ್ಚಿ ಪರದೆ ತೆರೆದಿಟ್ಟರೆ ಗೋಡೆ ಕಾಣುತ್ತದೆ, ಗುದ್ದುವುದು ಕಡಿಮೆ. ದಕ್ಷಿಣದ ಬಾಗಿಲಲ್ಲಿ ಹೊಗೆ ಎಳೆಯುವ ಫ್ಯಾನ್‌ಗಳಿವೆ, ಕೊನೆಯ ಕೆಲವು ನಿಮಿಷ ಅದರ ಸದ್ದು ಜೋರು. ಸಂಜೆ ಸುರಂಗ ಮುಚ್ಚುತ್ತದೆ, ಸಮಯ ಋತುವಿಗೆ ತಕ್ಕಂತೆ ಬದಲಾಗುತ್ತದೆ. ಗುಡ್ಡ ಹತ್ತಿದ ದಿನವೇ ಸುರಂಗವನ್ನೂ ದಾಟುತ್ತೇವೆ ಎಂಬ ಹಟ ಬೇಡ.

ಸ್ಟೋಕ್ ದಾಟುವಾಗ ಪ್ರೊಪೆಲರ್‌ಗೆ ಪ್ಲಾಸ್ಟಿಕ್ ಚೀಲ, ಹಳೆ ಬಟ್ಟೆ ಸುತ್ತಿಕೊಳ್ಳುವುದು ಮಾಮೂಲು. ದೋಣಿ ನಡುಗುತ್ತದೆ, ಕಪ್ಪು ಹೊಗೆ ಬರುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ. ಎಂಜಿನ್ ಆಫ್ ಮಾಡಿ ಕೀ ಜೇಬಿಗೆ ಹಾಕಿಕೊಂಡು ಹಿಂದೆ ಪ್ರೊಪೆಲರ್ ಮೇಲಿರುವ ವೀಡ್ ಹ್ಯಾಚ್ ಎಂಬ ಮುಚ್ಚಳ ತೆರೆದು, ಹಲ್ಲಿನ ಬ್ರೆಡ್ ಚಾಕುವಿನಿಂದ ಕತ್ತರಿಸಿ ತೆಗೆಯಿರಿ. ದಪ್ಪ ಕೈಗವಸು ಬೇಕೇ ಬೇಕು, ತಂತಿಯೂ ಇರುತ್ತದೆ. ಮುಚ್ಚಳ ಬಿಗಿಯಾಗಿ ಕೂತ ಮೇಲೆಯೇ ಎಂಜಿನ್. ಸಡಿಲವಿದ್ದರೆ ಪ್ರೊಪೆಲರ್ ಎರಚುವ ನೀರು ಎಂಜಿನ್ ಕೋಣೆ ತುಂಬುತ್ತದೆ. ಇನ್ನು ಸ್ಟೋನ್ ಊರಿನಿಂದ ಗ್ರೇಟ್ ಹೇವುಡ್‌ವರೆಗೆ ಟ್ರೆಂಟ್ ನದಿಯ ಪಕ್ಕದ ಸಲೀಸು ದಾರಿ, ಹೇಳಲು ಹೆಚ್ಚಿಲ್ಲ.

ಅಡುಗೆ ಬಗ್ಗೆ ಅಲ್ಲಿನ ಕನ್ನಡಿಗರು ಕೇಳುವುದು ಮಿಕ್ಸಿ ಓಡುತ್ತದೆಯೇ ಎಂದು. ಇನ್ವರ್ಟರ್ ಎಷ್ಟು ವ್ಯಾಟ್‌ನದು ಎಂದು ಬುಕ್ ಮಾಡುವಾಗಲೇ ಕೇಳಿ. ಎಂಜಿನ್ ಓಡುತ್ತಿರುವಾಗ ಮಾತ್ರ, ಸ್ವಲ್ಪ ಸ್ವಲ್ಪ ರುಬ್ಬಿ. ಫ್ರಿಜ್ ಚಿಕ್ಕದು, ದೋಸೆ ಹಿಟ್ಟಿಗೆ ಎರಡು ಡಬ್ಬಿಗಿಂತ ಹೆಚ್ಚು ಜಾಗವಿಲ್ಲ. ಒಲೆ ಗ್ಯಾಸಿನದು, ಕುಕ್ಕರ್‌ಗೆ ತೊಂದರೆಯಿಲ್ಲ, ಆದರೆ ಲಾಕ್‌ನಲ್ಲಿ ದೋಣಿ ಗೋಡೆಗೆ ತಾಗಿದಾಗ ಒಲೆ ಮೇಲೆ ಕುದಿಯುವ ಸಾರು ಇರಬಾರದು. ನೀರಿನ ಟ್ಯಾಂಕ್ ದಿನವೂ ತುಂಬಿಸಿ. ನಲ್ಲಿ ಪೆಟ್ಟಿಗೆಗಳಿಗೆ ಟ್ರಸ್ಟ್‌ನ ವಾಟರ್‌ಮೇಟ್ ಕೀ ಬೇಕು. ದೋಣಿಯ ಕೀಗೊಂಚಲಿನಲ್ಲಿ ಅದು ಇದೆಯೇ ನೋಡಿಕೊಂಡೇ ಹೊರಡಿ.

ಬುಕ್ ಮಾಡುವ ತಿಂಗಳು ಮೇ ಅಥವಾ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಲಾಕ್‌ಗಳಲ್ಲಿ ಸರದಿ, ಬರದ ವರ್ಷವಾದರೆ ನೀರಿನ ಕೊರತೆಗೆ ಲಾಕ್‌ಗಳಿಗೆ ಸಂಜೆ ಬೀಗ. ನವೆಂಬರ್‌ನಿಂದ ಮಾರ್ಚ್‌ವರೆಗೆ ದುರಸ್ತಿಗೆಂದು ಒಂದಲ್ಲ ಒಂದು ಕಡೆ ಮುಚ್ಚಿರುತ್ತದೆ, ಒಂದು ಲಾಕ್ ಮುಚ್ಚಿದರೂ ಸುತ್ತು ಮುರಿಯಿತು. ಮುಂಗಡ ಕಟ್ಟುವ ಮುಂಚೆ ಟ್ರಸ್ಟ್‌ನ ತಡೆ ಸೂಚನೆಗಳನ್ನು ನಾಲ್ಕೂ ಕಾಲುವೆಗಳ ಹೆಸರಿನಲ್ಲಿ ಬೇರೆ ಬೇರೆಯಾಗಿ ನೋಡಿ. ಸುತ್ತು ನಡುವೆ ಮುಚ್ಚಿದರೆ ಹಣ ವಾಪಸ್ಸೋ, ಇದ್ದ ದಾರಿಯಲ್ಲೇ ಹೋಗಿಬರಬೇಕೋ ಎನ್ನುವುದನ್ನು ಬರಹದಲ್ಲೇ ಕೇಳಿ ಪಡೆಯಿರಿ. ಬಹುಪಾಲು ಒಪ್ಪಂದಗಳಲ್ಲಿ ಇರುವುದು ಎರಡನೆಯದು.