ಎರಡು ಗಂಟೆಯಲ್ಲಿ ಕೈಗೆ ಹತ್ತುವ ಸಿಪಿಆರ್

ತುರ್ತು ವಿಭಾಗದ ನರ್ಸ್ ಒಬ್ಬರು ತಮ್ಮ ರಜೆಯ ದಿನ ಯಾವ ಶುಲ್ಕವೂ ಇಲ್ಲದೆ ನಡೆಸುವ ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ, ಉಸಿರು ಕೊಟ್ಟು ಉಳಿಸಲು ಯತ್ನಿಸುವ ವಿಧಾನ) ತರಗತಿ ಇದು. ಹನ್ನೆರಡು ಜನಕ್ಕೆ ನಾಲ್ಕು ಬೊಂಬೆ. ತರಗತಿಯ ಅರ್ಧ ಗುಣ ಈ ಲೆಕ್ಕದಲ್ಲೇ ಇದೆ: ಪ್ರತಿಯೊಬ್ಬರಿಗೂ ಬೆವರಿಳಿಯುವಷ್ಟು ಒತ್ತಲು ಸಿಗುತ್ತದೆ. ಪರದೆಯ ಮುಂದೆ ಕೂರುವುದು ಹತ್ತೇ ನಿಮಿಷ, ಆಮೇಲೆ ಮಂಡಿ ನೋವಿಲ್ಲದವರೆಲ್ಲ ನೆಲದ ಮೇಲೆ ಮಂಡಿಯೂರಲೇಬೇಕು.

ಶುರುವಾಗುವುದು ಗುರುತಿಸುವುದರಿಂದ. ಭುಜ ತಟ್ಟಿ ಜೋರಾಗಿ ಕೂಗಿದರೂ ಎಚ್ಚರವಿಲ್ಲ, ಉಸಿರು ಸಹಜವಾಗಿಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು. ಇದಕ್ಕೆ 10 ಸೆಕೆಂಡ್ ಮೀರಬಾರದು. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರು ಗೊರಕೆಯ ಸದ್ದಿನೊಂದಿಗೆ ಬಿಟ್ಟು ಬಿಟ್ಟು ಬಾಯಿ ತೆರೆದು ಉಸಿರೆಳೆಯುತ್ತಾರೆ. 'ಉಸಿರಾಡ್ತಿದಾರೆ' ಎಂದು ಸುತ್ತಲಿನವರು ಕೈಕಟ್ಟಿ ನಿಲ್ಲುವುದು ಇಲ್ಲೇ. ಆ ಉಸಿರನ್ನು ನರ್ಸ್ ತಾವೇ ಎಳೆದು ಕೇಳಿಸುತ್ತಾರೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ತುರ್ತು ಸಂಖ್ಯೆಗೆ ಕರೆ ಮಾಡಿ, ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕಕ್ಕಿಟ್ಟರೆ ಎರಡೂ ಕೈ ಬಿಡುವಾಗುತ್ತವೆ. ಅಂಗೈಯ ಬುಡ ಎದೆಮೂಳೆಯ ಕೆಳ ಅರ್ಧದ ಮೇಲೆ, ಅದರ ಮೇಲೆ ಇನ್ನೊಂದು ಕೈ. ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ. ಆಳ ಸಿಕ್ಕಿದಾಗ ಬೊಂಬೆ 'ಟಕ್' ಎನ್ನುತ್ತದೆ. ಈ ನರ್ಸ್ ಬರೀ ಆ ಸದ್ದಿಗೆ ತೃಪ್ತಿಪಡುವವರಲ್ಲ. ಮೊಣಕೈ ಮಡಚಿದರೆ ಮೈಭಾರ ಇಳಿಯದೆ ತೋಳು ಬೇಗ ಸೋಲುತ್ತದೆ ಎಂದು ಭುಜವನ್ನು ಕೈಯ ನೇರಕ್ಕೆ ತಂದು ನಿಲ್ಲಿಸುತ್ತಾರೆ. ಒತ್ತಿದ ಮೇಲೆ ಎದೆಯ ಮೇಲೇ ಒರಗಿಕೊಳ್ಳುವುದು ಇನ್ನೊಂದು ತಪ್ಪು. ಎದೆ ಪೂರ್ತಿ ಮೇಲೇಳದಿದ್ದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ. ಗಾಬರಿಯಲ್ಲಿ ವೇಗ 120 ದಾಟಿದರೆ ಆಳ ಕಡಿಮೆಯಾಗುತ್ತದೆ. ಮೆತ್ತನೆ ಹಾಸಿಗೆಯ ಮೇಲೆ ಎದೆಯ ಬದಲು ಹಾಸಿಗೆಯೇ ಕುಸಿಯುತ್ತದೆ. ದಣಿವು ಒತ್ತುವವರ ಅರಿವಿಗೆ ಬರುವ ಮುನ್ನವೇ ಆಳ ಇಳಿದಿರುವುದರಿಂದ ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರಿಗೆ ಬಿಟ್ಟುಕೊಡುವುದನ್ನು ಗಡಿಯಾರ ಹಿಡಿದೇ ಅಭ್ಯಾಸ ಮಾಡಿಸುತ್ತಾರೆ.

30 ಒತ್ತಿಗೆ 2 ಉಸಿರು. ಬಾಯಿಗೆ ಬಾಯಿ ಕೊಡಲು ಹಿಂಜರಿಕೆಯಿದ್ದರೆ ಬರೀ ಒತ್ತುತ್ತಿರಿ, ನಿಲ್ಲಿಸಬೇಡಿ. ಆದರೆ ನೀರಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಉಸಿರು ಕೊಡುವುದು ತೀರಾ ಮುಖ್ಯ. ಅನೇಕ ತರಗತಿಗಳು ಹಾರಿಸಿಬಿಡುವ ಈ ಮಾತನ್ನು ಇಲ್ಲಿ ಒತ್ತಿ ಹೇಳಿದ್ದು ಮೆಚ್ಚುವಂಥದ್ದು.

ಎಇಡಿ (ಎದೆಗೆ ವಿದ್ಯುತ್ ಶಾಕ್ ಕೊಟ್ಟು ಹೃದಯದ ಬಡಿತ ಸರಿಪಡಿಸಲು ಯತ್ನಿಸುವ ಯಂತ್ರ) ಪಾಠವೂ ಚೊಕ್ಕ: ಒದ್ದೆ ಎದೆ ಒರೆಸಿ, ಒಂದು ಪ್ಯಾಡ್ ಬಲ ಕಾಲರ್ ಎಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗೆ. ಶಾಕ್ ಕೊಟ್ಟ ತಕ್ಷಣ, ನಾಡಿ ಹುಡುಕದೆ, ಮತ್ತೆ ಒತ್ತಬೇಕು.

ಕೊರತೆ ಕೊನೆಯ ಕಾಲು ಗಂಟೆಯಲ್ಲಿ. ಗಂಟಲಿಗೆ ಏನಾದರೂ ಸಿಕ್ಕಿಕೊಂಡಾಗ ಬೆನ್ನಿಗೆ 5 ಗುದ್ದು, ಹೊಟ್ಟೆಗೆ 5 ಒತ್ತು ಎಂಬುದನ್ನು ಎಲ್ಲರೂ ಮಾಡಿ ನೋಡಿದರು. ವರ್ಷ ತುಂಬದ ಮಗುವಿಗೆ ಹೊಟ್ಟೆಯ ಬದಲು ಎದೆ ಒತ್ತಬೇಕು. ಅದಕ್ಕಿದ್ದದ್ದು ಒಂದೇ ಪುಟ್ಟ ಬೊಂಬೆ, ಅರ್ಧ ಜನ ಬರೀ ನೋಡಿದರು. ಮನೆಯಲ್ಲಿ ಎಳೆಮಗು ಇರುವವರು ಮೊದಲೇ ತಿಳಿಸಿ ಮುಂದೆ ಕೂರುವುದು ಒಳ್ಳೆಯದು.

ಮಂಡಿ ನೋವಿರುವವರೂ ಬರಬಹುದು. ಅವರಿಗೆ ಎಣಿಸುವುದು, ಎಇಡಿ ತರುವುದು, ಎರಡು ನಿಮಿಷವಾಯಿತೆಂದು ಕೂಗುವುದನ್ನು ಬೇರೆಯಾಗಿಯೇ ಕಲಿಸುತ್ತಾರೆ.