ಷಟ್ಪದಿಯನ್ನು ಎಂಟು ಸಾಲು ಮಾಡಿದ ಥೀಮು: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷದ ಹಿಂದೆ 2,400 ರೂಪಾಯಿ ಕೊಟ್ಟು ಈ ವೆಬ್‌ಸೈಟ್ ಥೀಮ್, ಅಂದರೆ ಸೈಟಿಗೆ ತೊಡಿಸೋ ಸಿದ್ಧ ವಿನ್ಯಾಸ, ಕೊಂಡೆ. ಹೆಸರು ಬೇಡ, ಬಿಡಿ. ಸ್ಪೀಡು, ಮೆನು, ಬಣ್ಣಗಳ ಪಟ್ಟಿ ಎಲ್ಲಾ ಮಾರೋರ ಪುಟದಲ್ಲೇ ಇರುತ್ತೆ. ನನ್ನ ತಕರಾರು ಓದುವುದರ ಬಗ್ಗೆ.

ನಮ್ಮದು ಗದಗ-ಬೆಟಗೇರಿ. ಸೈಟಿನಲ್ಲಿ ದಿನಕ್ಕೊಂದು ಭಾಮಿನಿ ಷಟ್ಪದಿ, ಅಂದರೆ ಆರು ಸಾಲಿನ ಪದ್ಯ, ಹಾಕುತ್ತೇನೆ. ಕುಮಾರವ್ಯಾಸನ ಪದ್ಯ ಅಂತ ಗದಗಿನವರಿಗೆ ಹೇಳಬೇಕಿಲ್ಲ. ಬೆಳಿಗ್ಗೆ ಏಳಕ್ಕೆ ಅಪ್ಪ ಕಟ್ಟೆಯ ಮೇಲೆ ಕೂರುತ್ತಾರೆ. ಬಸಿಗೆ ಚಹಾ ಸುರಿದುಕೊಂಡು ಕುಡಿದು ಮುಗಿಸುವವರೆಗೆ ಫೋನ್ ಮುಟ್ಟಲ್ಲ. ಆಮೇಲೆ ಧೋತರದ ಚುಂಗಿನಲ್ಲಿ ಮೊದಲು ಕನ್ನಡಕ, ನಂತರ ಫೋನಿನ ಗಾಜು ಒರೆಸಿ, ರಾಗ ಎಳೆದು ಓದುತ್ತಾರೆ. ಗಮಕದ ಪಾಠ ಆಗಿಲ್ಲ. ಆದರೆ ಎಲ್ಲಿ ನಿಲ್ಲಬೇಕು ಅನ್ನೋದು ಗೊತ್ತು.

ಮೊದಲ ದಿನವೇ ಸಿಡುಕಿದರು. "ಷಟ್ಪದಿ ಅಂತೀ, ಎಂಟ ಸಾಲ ಅದಾವಲ್ಲೋ ಇದರಾಗ?"

ನೋಡಿದರೆ ನಿಜ. ಭಾಮಿನಿಯಲ್ಲಿ 1, 2, 4, 5ನೇ ಸಾಲಿಗೆ 14 ಮಾತ್ರೆ. 3 ಮತ್ತು 6ನೇ ಸಾಲು ಅದಕ್ಕಿಂತ ಉದ್ದ, 23 ಮಾತ್ರೆ. ಆ ಎರಡೂ ಸಾಲು ಫೋನಿನ ಅಗಲಕ್ಕೆ ಹಿಡಿಸದೆ ಮುರಿದಿದ್ದವು. ಮುರಿದ ತುಂಡು ಹೊಸ ಸಾಲಿನ ಗತ್ತಿನಲ್ಲಿ ಎಡಕ್ಕೆ ಬಂದು ಕೂತಿತ್ತು. ಅಪ್ಪ ಅಲ್ಲಿ ಉಸಿರು ತಗೊಂಡರೆ ಪದ್ಯವೇ ಕುಂಟುತ್ತಿತ್ತು.

ಅದೊಂದೇ ಅಲ್ಲ. ಅಕ್ಷರ ತಿಳಿ ಬೂದು. ಬಿಳಿಯ ಮೇಲೆ ಅದರ ಕಾಂಟ್ರಾಸ್ಟ್, ಅಂದರೆ ಅಕ್ಷರಕ್ಕೂ ಹಿನ್ನೆಲೆಗೂ ಇರೋ ಬೆಳಕಿನ ಅನುಪಾತ, ಅಳೆದರೆ 3ನ್ನೂ ಮುಟ್ಟಲ್ಲ. ವೆಬ್ ಮಾನದಂಡ ಮಾಮೂಲಿ ಗಾತ್ರದ ಅಕ್ಷರಕ್ಕೆ 4.5 ಕೇಳುತ್ತೆ. ಕಟ್ಟೆಯ ಬಿಸಿಲಿಗೆ ಬರೀ ಖಾಲಿ ಹಾಳೆ. ಸಾಲಿನ ಅಂತರ ಬೇರೆ ಅಕ್ಷರದ ಗಾತ್ರದ 1.3 ಪಟ್ಟು, ಇಂಗ್ಲಿಷ್ ನೋಡಿ ಇಟ್ಟದ್ದು. ನಮ್ಮ ಒತ್ತಕ್ಷರ ಕೆಳಗಿಳಿಯುತ್ತೆ, ಅಲ್ವಾ? ಲಕ್ಷ್ಮಿಯ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕಾಲಿಟ್ಟು ನಿಂತಿತ್ತು.

ದುಡ್ಡು ವಾಪಸ್ ಕೇಳೋಣ ಅಂತ ಮೇಲ್ ಬರೆಯುತ್ತಾ ಕೂತಿದ್ದೆ. ಅಪ್ಪ ಅಂದರು, "ಪ್ರೆಸ್ಸಿನಾಗ ಸಾಲು ಹಿಡಿಸದಿದ್ರ ಉಳದದ್ದು ಒಳಗ ಸರಸತಿದ್ವಿ. ಅಷ್ಟ ಮಾಡು." ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು ಅವರು.

ಥೀಮಿನಲ್ಲಿ ನಮ್ಮದೇ ಸಿಎಸ್‌ಎಸ್ ಬರೆಯೋಕೆ, ಅಂದರೆ ಪುಟದ ನೋಟ ಬದಲಿಸೋ ಕೋಡ್ ಹಾಕೋಕೆ, ಒಂದು ಬಾಕ್ಸ್ ಇದೆ. ಅಲ್ಲಿಯವರೆಗೆ ಅದನ್ನು ನಾನು ತೆರೆದೇ ಇರಲಿಲ್ಲ. ಪ್ರತಿ ಸಾಲನ್ನೂ ಬೇರೆ ಪ್ಯಾರಾ ಮಾಡಿದೆ. ಎಡಕ್ಕೆ 2 ಇಎಂ (ಅಕ್ಷರದ ಗಾತ್ರದ ಎರಡರಷ್ಟು) ಪ್ಯಾಡಿಂಗ್, ಮೊದಲ ಸಾಲಿಗೆ ಇಂಡೆಂಟ್ ಮೈನಸ್ 2 ಇಎಂ. ಮುರಿದ ತುಂಡು ತೆಪ್ಪಗೆ ಒಳಗೆ ಸರಿಯಿತು. ಅಂತರ 1.8ಕ್ಕೆ ಏರಿಸಿದೆ, ಅಕ್ಷರ ಕಪ್ಪು ಮಾಡಿದೆ. ಫಾಂಟ್ ನೋಟೋ ಸೆರಿಫ್ ಕನ್ನಡ, ಅದು ಪುಕ್ಕಟೆ. ಗೆರೆಯ ದಪ್ಪ-ತೆಳು ನೋಡಿ ಅಪ್ಪ, "ಮೊಳಿ ಹಂಗ ಐತಿ" ಅಂದರು. ಅವರು ಹೊಗಳೋದು ಅಷ್ಟೇ.

ಆಮೇಲೆ ಥೀಮಿನ ಮೇಲಿನ ಸಿಟ್ಟೂ ಇಳಿಯಿತು. ಎಷ್ಟು ಅಪ್‌ಡೇಟ್ ಬಂದರೂ ಆ ಬಾಕ್ಸಿನಲ್ಲಿ ಬರೆದದ್ದು ಅಳಿಸಿಲ್ಲ. ಆದರೆ ಸಿಎಸ್‌ಎಸ್ ಮುಟ್ಟೋಕೆ ಬೇಜಾರು ಅನ್ನೋರು ಸುಮ್ನೆ ದುಡ್ಡು ಹಾಕಬೇಡಿ.

ಐದಕ್ಕೆ ಮೂರು ಸ್ಟಾರ್. ತಲೆಬರಹದ ಅಕ್ಷರಗಳನ್ನು ಈಗಲೂ ಹಲ್ಲುದುರಿದ ಹಾಗೆ ದೂರ ದೂರ ಇಡುತ್ತೆ, ನಾನೂ ಸರಿ ಮಾಡಿಲ್ಲ. ಅಪ್ಪ ತಲೆಬರಹ ಓದಲ್ಲ, ನೇರ ಪದ್ಯಕ್ಕೇ ಇಳಿಯುತ್ತಾರೆ.